ಕುದುರೆ ಬಾಲದ ಕೂದಲು

ದೆವ್ವ, ಮಾಟ, ಶಕುನ ಇವೆಲ್ಲ ನಾನ್‌ಸೆನ್ಸ್ ಎಂದು ತಿಳಿದು ಬೆಳೆದವಳು ನಾನು. ಕಾನ್ವೆಂಟಿನ ಸಿಸ್ಟರ್‌ಗಳು ಹಾಗೆಯೇ ಕಲಿಸಿದ್ದರು. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವು ಏನಾದರೂ ತಿಳಿದುಕೊಳ್ಳಿ.

ಆಗ ಯುದ್ಧದ ಕಾಲ. ನನಗೆ ಹತ್ತು ವರ್ಷ. ರಜಕ್ಕೆ ಮದ್ದೂರಿನ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಚಿಕ್ಕಪ್ಪ ನಾಲೆಯ ಓವರ್‌ಸಿಯರ್. ಅವರ ಮೇಲಿನ ಇಂಗ್ಲಿಷ್ ಸಾಹೇಬರೊಬ್ಬರು ಊರು ಬಿಡುವಾಗ ತಮ್ಮ ಫಿಷಿಂಗ್ ರಾಡ್ ಕೊಟ್ಟು ಹೋಗಿದ್ದರು. ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಕೊಕ್ಕೆಗೆ ಹುಂಜದ ಪುಕ್ಕ ಸುತ್ತಿ, ನೊಣದ ಹಾಗೆ ಮಾಡಿ, ನೀರಿನ ಮೇಲೆ ಬೀಸಿ ಎಸೆಯುವುದು. ಅದಕ್ಕೆ ಫ್ಲೈ ಎನ್ನುತ್ತಾರೆ. "ಮೀನ್ಗೆ ಕೋಳಿಪುಕ್ಕ ತಿನ್ನುಸ್ತಾರಂತೆ ಕಣ್ಲಾ!" ಎಂದು ಊರವರು ನಗುತ್ತಿದ್ದರು.

ಆವತ್ತು ಪುಕ್ಕ ಕಟ್ಟುವ ರೇಷ್ಮೆ ದಾರ ಮುಗಿದಿತ್ತು. "ಜಟಕಾ ಕುದುರೆ ಬಾಲದ್ದು ನಾಕು ಕೂದ್ಲು ತಗೊಂಬಾ ಕಣವ್ವ" ಎಂದರು ಚಿಕ್ಕಪ್ಪ. ನನಗೆ ಕುದುರೆ ಎಂದರೆ ಭಯ. ಹಿತ್ತಿಲಲ್ಲಿ ಚಿಕ್ಕಮ್ಮ ಆಗತಾನೆ ತಲೆ ಬಾಚಿಕೊಂಡು ಎದ್ದಿದ್ದಳು. ತುಂಬಿದ ಬಸುರಿ. ಬಾಚಣಿಗೆಯಲ್ಲಿದ್ದ ಉದ್ದ ಕೂದಲನ್ನು ಎಳೆದುಕೊಂಡೆ. ಉದುರಿದ ಕೂದಲನ್ನು ಉಂಡೆ ಮಾಡಿ, ಉಗಿದು, ಗೋಡೆಯ ಸಂದಿಗೆ ತುರುಕುವುದು ಅಜ್ಜಿಯ ಪದ್ಧತಿ. "ಬಸ್ರಿ ಕೂದ್ಲು ಯಾರ್ ಕೈಗೂ ಸಿಗಬಾರ್ದು ಕಣಮ್ಮಿ" ಎನ್ನುತ್ತಿದ್ದಳು. ಸೂಪರ್‌ಸ್ಟಿಷನ್! ಚಿಕ್ಕಪ್ಪನಿಗೆ ಕುದುರೆಯದೇ ಎಂದು ಹೇಳಿ ಕೊಟ್ಟೆ. ಅದರಿಂದಲೇ ಕೊಕ್ಕೆಗೆ ಪುಕ್ಕ ಬಿಗಿದರು.

ಮಧ್ಯಾಹ್ನ ಇಬ್ಬರೂ ಶಿಂಷೆಯ ಅಣೆಕಟ್ಟೆಯ ಕೆಳಗೆ ಹೋದೆವು. ನೊರೆ ತಿರುಗುವ ಮಡುವಿಗೆ ಫ್ಲೈ ಬಿದ್ದದ್ದೇ ತಡ, ಬಿಳಿಮೀನೊಂದು ಕಚ್ಚಿಕೊಂಡು ಹೊರಟಿತು. ಚಿಕ್ಕಪ್ಪ ದಾರ ಬಿಟ್ಟರು, ಎಳೆದರು, ಮತ್ತೆ ಬಿಟ್ಟರು, ಮತ್ತೆ ಎಳೆದರು. ಎಷ್ಟು ಹೊತ್ತೋ.

"ಕೈ ಸೋತೋಯ್ತು ಕಣವ್ವ. ದಾರ ಕುಯ್ದ್‌ಬುಡ್ಲಾ?"

"ಬಿಡಬೇಡಿ ಚಿಕ್ಕಪ್ಪ! ಹೋಲ್ಡ್ ಆನ್!" ಎಂದು ಕುಣಿದೆ.

ಕೊನೆಗೆ ಮರಳಿಗೆ ಬಂತು. ನನ್ನ ತೋಳಿನಷ್ಟು ಉದ್ದ. ಎರಡು ಸಲ ಬಾಯಿ ತೆರೆದು ಮುಚ್ಚಿ ಸುಮ್ಮನಾಯಿತು. ನಾನೇ ಹೊತ್ತುಕೊಂಡು ಬಂದೆ.

ಮನೆಯ ಮುಂದೆ ಜನ. ಅಜ್ಜಿ ಮೀನಿನ ಕಡೆ ನೋಡಲೇ ಇಲ್ಲ. "ನಿನ್ನೆಡ್ತಿ ಓಗ್ಬುಟ್ಲು ಕಣ್ಲಾ ಮಗಾ" ಎಂದಳು. ಚಿಕ್ಕಮ್ಮ ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು, "ಅತ್ತೆ, ಯಾರೋ ಕೂದ್ಲು ಇಡ್ಕಂಡು ಎಳೀತಾವ್ರೆ, ಬುಡ್ಸಿ" ಎಂದು ಕೂಗಿದಳಂತೆ. ಸ್ವಲ್ಪ ಬಿಡುತ್ತಿತ್ತಂತೆ, ಮತ್ತೆ ಎಳೆಯುತ್ತಿತ್ತಂತೆ. ಆಮೇಲೆ ಮೈ ಸೆಟೆದುಕೊಂಡಿತಂತೆ. ಮಗುವೂ ಉಳಿಯಲಿಲ್ಲ.

ಬಸುರಿಯರಿಗೆ ಬರುವ ಫಿಟ್ಸ್, ಮೊದಲು ತಲೆ ಸಿಡಿಯುತ್ತದೆ ಎಂದರು ಡಾಕ್ಟರು. ಇರಬಹುದು. ಅವಳ ತಲೆಯೆಲ್ಲ ಒದ್ದೆಯಾಗಿತ್ತು. ಬೆವರು ಎಂದರು. ಅದೂ ಇರಬಹುದು. ಆದರೆ ಹೂ ಮುಡಿಸುವಾಗ ಜಡೆ ಹಿಡಿದುಕೊಂಡವಳು ನಾನು. ಅದರಲ್ಲಿ ಮಡುವಿನ ಪಾಚಿಯ ವಾಸನೆ ಇತ್ತು. ಮೀನು ಹೊತ್ತ ನನ್ನ ಕೈಯ ವಾಸನೆಯೇ ಇರಬಹುದೆ?

ಚಿಕ್ಕಪ್ಪ ರಾಡನ್ನು ಅಟ್ಟಕ್ಕೆ ಹಾಕಿದರು, ಮತ್ತೆ ಮದುವೆಯಾಗಲಿಲ್ಲ. "ಆವತ್ತು ಮನೇಲಿರಬೇಕಿತ್ತು ಕಣವ್ವ" ಎಂದು ಕೊನೆಯವರೆಗೂ ಹೇಳುತ್ತಿದ್ದರು. ಕೂದಲು ಕುದುರೆಯದೆಂದೇ ತಿಳಿದು ತೀರಿಕೊಂಡರು. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಿದರೆ ಅದನ್ನೆಲ್ಲ ನಾನೂ ನಂಬಿದ ಹಾಗಾಗುತ್ತದೆ ಎಂದು ಸುಮ್ಮನಾದೆ. ನಂಬದಿದ್ದ ಮೇಲೆ ಹೇಳಲು ಏನು ಅಡ್ಡಿಯಿತ್ತು?