ಚಂದ್ರನಿಗೆ ಇನ್ನು ನಾಲ್ಕೇ ಅಡಿ

ಮರಳಿಯ ವಿರುಪಣ್ಣ ಮೂವತ್ತೊಂದು ವರ್ಷ ಊರ ನಾಟಕದ ನಾಯಕಿಯಾಗಿದ್ದ. ಬಣ್ಣ ಹಚ್ಚಿ ರಂಗವನ್ನು ಮಾತ್ರ ಒಮ್ಮೆಯೂ ಹತ್ತಿರಲಿಲ್ಲ. ಇದರಲ್ಲಿ ಒಗಟೇನೂ ಇಲ್ಲ. ನಮ್ಮ ಕಡೆ ಗಂಡು ಪಾತ್ರಗಳನ್ನು ಊರವರೇ ಮಾಡುತ್ತಾರೆ, ನಾಯಕಿಯನ್ನು ಹೊರಗಿನಿಂದ ಕರೆಸುತ್ತಾರೆ. ಆಕೆ ಬರುವುದು ನಾಟಕದ ದಿನವೇ. ಅಲ್ಲಿಯವರೆಗಿನ ನಲವತ್ತು ದಿನದ ತಾಲೀಮಿನಲ್ಲಿ ಆಕೆಯ ಮಾತನ್ನು ಯಾರಾದರೂ ಆಡಬೇಕು, ನಾಯಕನಿಗೆ ಹಿಡಿಯಲು ಯಾರದಾದರೂ ಕೈ ಬೇಕು. ಆ ಕೈ ವಿರುಪಣ್ಣನದು.

ಹಗಲು ಅದೇ ಕೈ ಕಾಲುವೆಯ ಗೇಟು ಎತ್ತಿ ಇಳಿಸುತ್ತಿತ್ತು. ನೀರಾವರಿ ಇಲಾಖೆಯ ನೌಕರ, ಗಟ್ಟಿ ಆಳು, ತುದಿ ತಿರುವಿದ ಮೀಸೆ. ಆ ಮೀಸೆಯ ಕೆಳಗಿನಿಂದ "ಪ್ರಾಣನಾಥಾ" ಎಂಬ ಮಾತು ಹೊರಟಾಗ ಮೊದಲ ಎರಡು ವರ್ಷ ಜನ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ನಾಟಕದ ದಿನ ನಾಯಕಿ ಬಂದಿಳಿದ ಕೂಡಲೇ ಎಲ್ಲಿ ನಿಲ್ಲಬೇಕು, ಯಾವ ಹಲಗೆ ಅಲ್ಲಾಡುತ್ತದೆ ಎಂದು ಹೇಳಿಕೊಟ್ಟು, ತಾನು ಹಿಂದೆ ಸರಿದು ತೆರೆಯ ಹಗ್ಗ ಹಿಡಿಯುತ್ತಿದ್ದ. ಹಗಲೆಲ್ಲ ನೀರಿನ ತೆರೆ, ಸಂಜೆಗೆ ಬಟ್ಟೆಯ ತೆರೆ.

ಈ ವರ್ಷ ಅವನ ನಿವೃತ್ತಿ. ಗೇಟಿನ ಜೊತೆಗೇ ತೆರೆಯ ಹಗ್ಗವನ್ನೂ ಬಿಡುವುದೆಂದು ತೀರ್ಮಾನಿಸಿದ್ದ. ಅಷ್ಟರೊಳಗೆ ಒಂದು ಸಲ, ಒಂದೇ ಸಲ, ಬಣ್ಣ ಹಚ್ಚಿ ರಂಗದ ಮೇಲೆ ಕಾಲಿಡಬೇಕು. ಈ ಆಸೆಯನ್ನು ಹೇಳಿಕೊಂಡದ್ದು ಹೆಂಡತಿ ಗಾಳೆಮ್ಮನೊಬ್ಬಳಿಗೆ.

"ಮೂವತ್ತು ವರ್ಷ ಊರಾನ ಗಂಡಸರಿಗೆಲ್ಲಾ ಹೆಂಡ್ತಿ ಆಗಿದ್ದು ಸಾಲಿಲ್ಲೇನು?" ಎಂದಳು ಆಕೆ.

ಈ ಸಲದ ನಾಟಕ ಬರೆದವರು ಹೈಸ್ಕೂಲಿನ ವಿಜ್ಞಾನದ ಟೀಚರ್ ಶೈಲಜಾ. ವಿಷಯ ಚಂದ್ರನತ್ತ ಹಾರಿದ ಅಪೊಲೊ ಹತ್ತು. ಹನ್ನೊಂದಲ್ಲ, ಹತ್ತು. ಕಾನ್ವೆಂಟಿನಲ್ಲಿ ನಮಗೂ ಹನ್ನೊಂದನ್ನೇ ಬಾಯಿಪಾಠ ಮಾಡಿಸಿದ್ದರು. ಹತ್ತರ ಹತ್ತಿರಕ್ಕೂ ಯಾರೂ ಹೋಗಿರಲಿಲ್ಲ. ರೈಸ್ ಮಿಲ್ಲಿನ ನಾಗೇಶ, ಈ ನಾಟಕದ ನಾಯಕ, ಮೊದಲ ದಿನವೇ ತಕರಾರು ತೆಗೆದ.

"ಅಕ್ಕೋರ, ಮಂದಿ ಇಳಿಯೋದು ನೋಡಾಕ ಬರ್ತಾರ್ರಿ. ಸನೇಕ ಹೋಗಿ ತಿರುಗಿ ಬಂದ್ರು ಅಂದ್ರ ಚಪ್ಪಲಿ ಒಗಿತಾರ."

"ಇಳಿದಾವ್ರ ಕಥಿ ಎಲ್ಲಾರಿಗೂ ಗೊತ್ತೈತಿ," ಎಂದರು ಶೈಲಜಾ. "ಅದಕ್ಕ ಎರಡು ತಿಂಗಳು ಮೊದಲ ಮೂರು ಮಂದಿ ಹೋಗಿದ್ರು. ಒಬ್ಬಾಂವ ದೊಡ್ಡ ನೌಕೆಯೊಳಗ ಉಳಿದ. ಇಬ್ಬರು ಸಣ್ಣ ನೌಕೆಯೊಳಗ ಇಳಕೋತ ಇಳಕೋತ ಚಂದ್ರನಿಂದ ಹದಿನೈದು ಕಿಲೋಮೀಟರ್ ತನಕ ಹೋಗಿ, ಕಾಲಿಡದ ವಾಪಸ್ ಬಂದ್ರು. ತಾಲೀಮಿಗಂತ ಹೋಗಿದ್ರು."

ಗೋಡೆಗೆ ಒರಗಿ ಕೂತಿದ್ದ ವಿರುಪಣ್ಣ ನೆಟ್ಟಗಾದ. "ಅಷ್ಟು ದೂರ? ಬರೇ ತಾಲೀಮಿಗ?"

"ಹೂಂನ್ರಿ ವಿರುಪಣ್ಣಾರ."

"ಹಂಗಾರ ಇದ ನಾಟಕ ಆಗ್ಲಿ," ಎಂದ. ಮೂವತ್ತೊಂದು ವರ್ಷದಲ್ಲಿ ಅವನು ಸಭೆಯಲ್ಲಿ ಬಾಯಿಬಿಟ್ಟದ್ದು ಅದೇ ಮೊದಲು. ಯಾರೂ ಎದುರಾಡಲಿಲ್ಲ.

ನಾಯಕಿಯಿಲ್ಲದ ನಾಟಕಕ್ಕೆ ಜನ ಬರುವುದಿಲ್ಲವಾದ್ದರಿಂದ ಚಂದ್ರನನ್ನೇ ಹೆಣ್ಣು ಮಾಡಲಾಯಿತು; ಹೇಗೂ ಚಂದ್ರ ಚಂದ ಇರಬೇಕಲ್ಲ. ಆ ಪಾತ್ರಕ್ಕೆ ಕುಷ್ಟಗಿಯ ಕಲಾವಿದೆ ಮುಬಾಶಿರಾ ಗೊತ್ತಾದಳು. ಪ್ಲೈವುಡ್ಡಿನ ನೌಕೆಯೊಂದನ್ನು ರಾಟೆ ಕಟ್ಟಿ ಮೇಲಿಂದ ತೂಗುಬಿಟ್ಟರು. ಇಬ್ಬರ ಭಾರ ಹಗ್ಗ ತಡೆಯದೆಂದು ನಾಗೇಶನನ್ನು ಕೂರಿಸಿ, ಅವನ ಜೊತೆಗಾರನನ್ನು ಪ್ಲೈವುಡ್ಡಿನ ಮೇಲೆ ಬಣ್ಣದಲ್ಲಿ ಬರೆದರು. ಮೊದಲು ಹತ್ತಿ ನೋಡಿದವನು ವಿರುಪಣ್ಣ. ನೌಕೆ ಗರಗರ ಎಂಟು ಸುತ್ತು ತಿರುಗಿತು. "ಖರೇ ನೌಕೆನೂ ಹಿಂಗ ಗಿರಕಿ ಹೊಡದಿತ್ತು" ಎಂದು ಶೈಲಜಾ ಖುಷಿಪಟ್ಟರು. ವಿರುಪಣ್ಣ ವಾಂತಿ ಮಾಡಿಕೊಂಡು ಬಂದು, ಗಿರಕಿ ತಡೆಯಲು ನೌಕೆಯ ಎರಡೂ ಬದಿಗೆ ಹಗ್ಗ ಬಿಗಿದ. ಭಾರದ ಹಗ್ಗ ಹಿಡಿಯಲು ನಾಲ್ಕು ಜನರನ್ನು ನಿಲ್ಲಿಸಿ, ತಾನು ನಲವತ್ತು ದಿನ ಚಂದ್ರನಾದ.

ನಾಟಕ ಸಂಜೆ ಆರಕ್ಕೆ, ಶಾಲೆಯ ಬಯಲಿನಲ್ಲಿ. ನಾಲ್ಕಾದರೂ ಮುಬಾಶಿರಾ ಬರಲಿಲ್ಲ. ಹಿಂದಿನ ದಿನ ಯಲಬುರ್ಗಿಯಲ್ಲಿ ಆಕೆಯ ನಾಟಕವಿತ್ತಂತೆ. ಫೋನ್ ಮಾಡಿದರೆ ಸ್ವಿಚ್ ಆಫ್. ಶೈಲಜಾ ವಿರುಪಣ್ಣನ ಕಡೆ ನೋಡಿದರು. ಅವನು ಎದ್ದು ಕ್ಷೌರದಂಗಡಿಗೆ ನಡೆದ. ಮೂವತ್ತೈದು ವರ್ಷದ ಮೀಸೆ ಎರಡು ನಿಮಿಷದಲ್ಲಿ ನೆಲಕ್ಕಿಳಿಯಿತು. ಗಾಳೆಮ್ಮ ಬಿಳಿ ಸೀರೆ ಉಡಿಸಿ, ನೆರಿಗೆ ತಿದ್ದಿ, ದೂರ ನಿಂತು ನೋಡಿದಳು.

"ಛಲೋ ಕಾಣ್ತಿ. ಮೀಸಿ ಇಲ್ದ ಮಾರಿ ನಾ ನೋಡೇ ಇರಲಿಲ್ಲ. ನೋಡಿದ್ರ ಲಗ್ನಕ್ಕ ಒಪ್ಪತಿರಲಿಲ್ಲ."

ಐದೂವರೆಗೆ ಒಂದು ಬೈಕು ಧೂಳೆಬ್ಬಿಸಿಕೊಂಡು ಬಂತು. ಹಿಂದೆ ಕೂತಿದ್ದ ಮುಬಾಶಿರಾ ಹೆಲ್ಮೆಟ್ ತೆಗೆಯುತ್ತಲೇ "ಬಸ್ ಕೆಟ್ಟು ನಿಂತಿತ್ರಿ, ಫೋನ್ ಸತ್ತಿತ್ರಿ" ಎಂದಳು. ಎಲ್ಲರೂ ಹೋ ಎಂದರು. ವಿರುಪಣ್ಣ ತಾನೇ ನೆರಿಗೆ ಬಿಚ್ಚಿದ.

"ಬಾ ತಂಗಿ. ಎಡಕ್ಕ ಮೂರನೇ ಹಲಗಿ ಮ್ಯಾಲ ನಿಲ್ಲಬ್ಯಾಡ, ಅಲ್ಲಾಡ್ತೈತಿ. ನಾಗೇಶ ದೊಡ್ಡ ಮಾತಿನ ನಡುವ ಮರೀತಾನ, ನೀನ ಎತ್ತಿಕೋ."

ಅವನ ಮುಖದ ಅರ್ಧ ಬಣ್ಣ ನೋಡಿ ಆಕೆ ಕೇಳಿದಳು: "ಅಣ್ಣಾರ, ಇದು ನಿಮ್ಮ ಪಾತ್ರ ಆಗಿತ್ತೇನ್ರಿ?"

"ನಂದು ತಾಲೀಮು ಅಷ್ಟ."

ಉಳಿದದ್ದನ್ನು, ಮೀಸೆಯ ಕಥೆಯನ್ನೂ, ಸೀರೆ ಉಡಿಸುತ್ತ ಗಾಳೆಮ್ಮ ಆಕೆಗೆ ಹೇಳಿದಳು. ನಾಟಕ ಶುರುವಾಯಿತು. ವಿರುಪಣ್ಣನ ಕೈ ಖಾಲಿಯಾದದ್ದೇ ತಡ, ಗೇಟು ಎತ್ತಿದ ತೋಳಿಗೆ ಇದೇನು ಭಾರ ಎಂದು ಹಗ್ಗದ ನಾಲ್ವರೂ ಅವನಿಗೇ ಅದನ್ನು ಕೊಟ್ಟು ನೋಡಲು ಮುಂದೆ ಓಡಿದರು. ಚಂದ್ರ ಹಾಡಿ ಕರೆದಳು. ನೌಕೆ ಆಳೆತ್ತರಕ್ಕೆ ಇಳಿದು, ತೂಗಿ, ಮತ್ತೆ ಮೇಲಕ್ಕೆ ಹೊರಟಿತು. ಆಗ ಶುರುವಾಯಿತು ಗದ್ದಲ.

"ಇಳಿಯಲೇ ನಾಗ್ಯಾ!"

"ಇಷ್ಟು ದೂರ ಬಂದು ಚಾ ಕುಡೀದ ಹೊಂಟೀಯೇನಲೇ?"

ಶೈಲಜಾ ಮೈಕು ಹಿಡಿದು ತಾಲೀಮಿನ ಮಹತ್ವ ವಿವರಿಸಿದರು. ಶಿಳ್ಳೆ ಹೆಚ್ಚಾಯಿತು. ಮುಬಾಶಿರಾ ಸೊಂಟಕ್ಕೆ ಕೈಯಿಟ್ಟು, ನಾಟಕದಲ್ಲಿಲ್ಲದ ಮಾತು ತೆಗೆದಳು: "ಯಾಕ್ರಿ ಗಲಾಟಿ? ಇಂವ ನನ್ನ ಅಂಗಳ ನೋಡಿ ಹೋಗಾಕ ಬಂದಾನ. ನನ್ನ ಮ್ಯಾಲ ಕಾಲಿಡಾವ್ರು ಬ್ಯಾರೆ ಅದಾರ. ನಲವತ್ತು ದಿನ ನನ್ನ ಮಾತು ಆಡ್ಯಾರ, ನನಗಾಗಿ ಮೀಸಿ ಕೊಟ್ಟಾರ. ಬರ್ರಿ ವಿರುಪಣ್ಣಾರ, ರಂಗಕ್ಕ ಬರ್ರಿ!"

ಬಯಲಿಗೆ ಬಯಲೇ "ವಿರುಪಣ್ಣಾ!" ಎಂದಿತು. ಮುಂದಿನ ಸಾಲಿನಲ್ಲಿ ಗಾಳೆಮ್ಮ ಎದ್ದು ನಿಂತಳು. ಪರದೆಯ ಮರೆಯಲ್ಲಿ ವಿರುಪಣ್ಣನ ಬಲಗಾಲು ತಾನಾಗಿ ಮೇಲೆದ್ದಿತು. ರಂಗಕ್ಕೆ ಇನ್ನು ನಾಲ್ಕೇ ಅಡಿ. ಅವನು ಕೈಯಲ್ಲಿದ್ದ ಹಗ್ಗ ನೋಡಿದ. ಹಗ್ಗದ ಆ ತುದಿಯಿಂದ, ಆಕಾಶದಲ್ಲಿ ತೂಗುತ್ತಿದ್ದ ನಾಗೇಶ ಅವನನ್ನು ನೋಡಿದ.

"ಮಾಮಾ, ಬ್ಯಾಡೋ ಮಾಮಾ..."

ವಿರುಪಣ್ಣ ಕಾಲು ಕೆಳಗಿಟ್ಟ. ಕಾಲುವೆಯ ಆಚೆ ದಂಡೆಗೆ ಕೂಗಿ ಪಳಗಿದ ಗಂಟಲಿನಿಂದ ಹೇಳಿದ: "ಬರ್ತಿದ್ನಿ ತಂಗಿ! ಆದ್ರ ನಾ ಬಂದ್ರ ನಾಗೇಶನೂ ಬರ್ತಾನ, ತಲಿ ಕೆಳಗ ಮಾಡಿ!"

ನಗು ಬಯಲು ದಾಟಿ ಗದ್ದೆಯವರೆಗೆ ಹೋಯಿತು. ಮೆಚ್ಚಿದ ಮಾತನ್ನು ಮತ್ತೆ ಹೇಳಿಸುವುದು ನಮ್ಮ ಪ್ರೇಕ್ಷಕರ ಹಕ್ಕು. "ಒನ್ಸ್ ಮೋರ್!" ಎಂದರು. ಹೇಳಿದ. "ಒನ್ಸ್ ಮೋರ್!" ಮತ್ತೆ ಹೇಳಿದ, ಮೂರನೇ ಸಲ ನಡುವೆ ತುಸು ತಡೆದು, ನಾಯಕಿಯರಿಗೆ ತಾನೇ ಕಲಿಸುತ್ತಿದ್ದ ಹಾಗೆ. ನಾಗೇಶ ಮೇಲೆ ಕಣ್ಣು ಮುಚ್ಚಿಕೊಂಡು ತೂಗುತ್ತಲೇ ಇದ್ದ. ಜನ ಇಳಿಯುವುದನ್ನು ಮರೆತೇಬಿಟ್ಟರು. ಕೊನೆಗೆ ನೌಕೆಯನ್ನು ಜೋಪಾನವಾಗಿ ಇಳಿಸಿ, ಇನ್ನೊಂದು ಹಗ್ಗ ಹಿಡಿದು ತೆರೆ ಬಿಟ್ಟವನೂ ಅವನೇ.

ಮನೆಯಲ್ಲಿ ರೊಟ್ಟಿ ಬಡಿಸುತ್ತ ಗಾಳೆಮ್ಮ ಕೇಳಿದಳು: "ಕಡೀಗೂ ಕಾಲಿಡಲಿಲ್ಲಲ್ಲ?"

ವಿರುಪಣ್ಣ ಇಲ್ಲದ ಮೀಸೆಯನ್ನು ತಿರುವಿದ.

"ನಂದು ನಾಲ್ಕು ಅಡಿ ಉಳಿದಿತ್ತಲೇ. ಅವರದು ಹದಿನೈದು ಕಿಲೋಮೀಟರ್!"