ಮೂರನೆಯ ಕೂಗು

ಎರಡನೆಯ ಮಹಾಯುದ್ಧ ಮುಗಿದ ಕಾಲಕ್ಕೆ ರಾಯದುರ್ಗದ ಗಂಡಸರನ್ನು ಕಾಣಬೇಕೆಂದರೆ ಭಾನುವಾರವೇ ಬರಬೇಕಿತ್ತು. ಮಿಕ್ಕ ದಿನಗಳಲ್ಲಿ ಹಗಲು ಹೊತ್ತು ಊರಲ್ಲಿ ಸಿಗುತ್ತಿದ್ದವರು ಹೆಂಗಸರು, ಮಗ್ಗದವರು ಮತ್ತು ಬೆಟ್ಟದ ಕೋತಿಗಳು. ಉಳಿದವರೆಲ್ಲ ನಸುಕಿನ ಗಾಡಿ ಹತ್ತಿ ಬಳ್ಳಾರಿಗೆ ಹೋಗಿಬಿಡುತ್ತಿದ್ದರು. ಕೋರ್ಟಿನ ಗುಮಾಸ್ತರು, ವಕೀಲರ ಹಿಂದೆ ಓಡಾಡುವವರು, ಕಾಳಿನ ದಲ್ಲಾಳಿಗಳು, ಹತ್ತಿ ಗಿರಣಿಯ ಕಚೇರಿಯಲ್ಲಿ ಕೂತು ಕೆಮ್ಮುವ ನನ್ನಂಥವರು. ಅಷ್ಟರಲ್ಲಿ ಬಳ್ಳಾರಿಯಲ್ಲಿ ಕಾಲೇಜು ಬೇರೆ ಶುರುವಾಯಿತು. ಅನಂತಪುರಕ್ಕೋ ಮದ್ರಾಸಿಗೋ ಮಗನನ್ನು ಕಳಿಸುವ ತಾಕತ್ತಿಲ್ಲದ ಮನೆಗಳಲ್ಲೂ ಇಂಟರ್‌ಮೀಡಿಯಟ್ ಎಂಬ ಮಾತು ಬಂತು. ಮನೆಯಲ್ಲಿ ಉಂಡು, ರೈಲಿನಲ್ಲಿ ಓದಿ, ಬಳ್ಳಾರಿಯಲ್ಲಿ ಪಾಠ ಕೇಳಿ, ದೀಪ ಹಚ್ಚಿದ ಮೇಲೆ ವಾಪಸು ಬರುವ ಹುಡುಗರ ಒಂದು ಹಿಂಡೇ ಹುಟ್ಟಿತು. ನಮ್ಮೂರು ಎಂದರೆ ಮಲಗುವುದಕ್ಕೆ ಬರುವ ಊರು, ಅಷ್ಟೆ.

ಮಲಗಿದ ಊರನ್ನು ಎಬ್ಬಿಸುವವಳು ಚೌಡಕ್ಕ.

ಅವಳು ಭೈರವಾನಿತಿಪ್ಪದ ಕಡೆಯವಳು. ಗಂಡ ಸತ್ತ ಮೇಲೆ ಬಂದು ಸ್ಟೇಷನ್ನಿನ ಹಿಂದೆ ಮಂಡಕ್ಕಿ ಭಟ್ಟಿ ಹಾಕಿಕೊಂಡಿದ್ದಳು. ರೈಲಿನ ದಾರಿ ನಮ್ಮೂರಿಗೇ ಮುಗಿಯುವುದರಿಂದ ಇಂಜಿನ್ನೂ ರಾತ್ರಿ ಇಲ್ಲೇ ಮಲಗುತ್ತಿತ್ತು. ಅದಕ್ಕೆ ಬೆಂಕಿ ಹಾಕುವವರು ಎದ್ದಾಗ ಇವಳೂ ಎದ್ದು ಭಟ್ಟಿಗೆ ಬೆಂಕಿ ಹಾಕಿ, ಮರಳು ಕಾಯುವುದರೊಳಗೆ ನಮ್ಮ ಓಣಿಗಳಲ್ಲಿ ಒಂದು ಸುತ್ತು ಬಂದು ಗಾಡಿಯವರನ್ನು ಹೆಸರು ಹಿಡಿದು ಕೂಗುತ್ತಿದ್ದಳು. ಯಾರೂ ಇಟ್ಟ ಕೆಲಸವಲ್ಲ ಅದು. ಗಡಿಯಾರ ಇಲ್ಲದ ಮನೆಗಳು, ಸುಗ್ಗಿಯಲ್ಲಿ ಅವಳ ಮೊರಕ್ಕೆ ಒಂದಿಷ್ಟು ಜೋಳ ಸುರಿಯುತ್ತಿದ್ದವು.

ಕೂಗುವುದಕ್ಕೊಂದು ಕ್ರಮವಿತ್ತು. ನಮ್ಮ ಕಡೆ ಕತ್ತಲಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲನೆಯದಕ್ಕೆ ಓಗೊಡುವುದಿಲ್ಲ. ಎರಡನೆಯದಕ್ಕೂ ಇಲ್ಲ. ದೆವ್ವಕ್ಕೆ ಇರುವುದು ಎರಡು ಕೂಗಿನಷ್ಟೇ ಉಸಿರು, ಮೂರನೆಯದು ಬಂತೆಂದರೆ ಅದು ಮನುಷ್ಯರದೇ ಎಂದು ನಂಬಿಕೆ. ಕಾಲೇಜಿನ ಹುಡುಗರು ಹಗಲಲ್ಲಿ ಇದನ್ನು ಆಡಿಕೊಂಡು ನಗುತ್ತಿದ್ದರು. ಹಾಸಿಗೆಯಲ್ಲಿ ಮಾತ್ರ ಮೂರನೆಯದು ಬರುವ ತನಕ ಒಬ್ಬನೂ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೇ ಚೌಡಕ್ಕ ಪ್ರತಿ ಬಾಗಿಲಲ್ಲೂ ಮೂರು ಸಲ ಕೂಗಿ, ಒಳಗಿಂದ 'ಓ' ಬಂದರೂ ಬರದಿದ್ದರೂ, ಮುಂದಿನ ಮನೆಗೆ ನಡೆಯುತ್ತಿದ್ದಳು.

ನಮ್ಮ ಪಕ್ಕದ ಮನೆ ಹಂಪಕ್ಕನದು. ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಒಬ್ಬನೇ ಮಗ ಸಿದ್ದಬಸಪ್ಪನನ್ನು ಕಾಲೇಜಿಗೆ ಹಾಕಿದ್ದಳು. ಚೌಡಕ್ಕ ಮೊದಲು ಅವನನ್ನು ಕೂಗಿ ಆಮೇಲೆ ನನ್ನ ಬಾಗಿಲಿಗೆ ಬರುತ್ತಿದ್ದಳು. ಇಬ್ಬರೂ ಕೂಡಿ ಸ್ಟೇಷನ್ನಿಗೆ ಹೋಗುತ್ತಿದ್ದೆವು. ಅವನು ತಡ ಮಾಡಿದ ದಿನ ನಾನು ಮುಂದೆ ಹೋಗಿ ಟವೆಲು ಹಾಸಿ ಜಾಗ ಹಿಡಿಯುತ್ತಿದ್ದೆ.

ಎರಡನೇ ವರ್ಷದ ಪರೀಕ್ಷೆಗೆ ಮುಂಚೆ, ಮಾಘದ ಚಳಿಯಲ್ಲಿ, ಒಂದು ಬೆಳಿಗ್ಗೆ ಹಾಗೇ ಟವೆಲು ಹಾಸಿ ಕೂತಿದ್ದೆ. ಗಾಡಿ ಸೀಟಿ ಹಾಕಿ ಹೊರಟಿತು. ಸಿದ್ದಬಸಪ್ಪ ಪುಸ್ತಕದ ಗಂಟು ಎದೆಗವಚಿಕೊಂಡು ಓಡಿ ಬರುವುದು ಕಂಡಿತು. ಒಂದೇ ಕೈಯಲ್ಲಿ ಕಡೆಯ ಡಬ್ಬಿಯ ಹಿಡಿಕೆಗೆ ಹಾರಿದ. ಕೈ ಜಾರಿತು. ಗಾಡಿ ನಿಲ್ಲುವುದರೊಳಗೆ ಎಲ್ಲ ಮುಗಿದಿತ್ತು. ಆ ಟವೆಲನ್ನು ನಾನು ಮತ್ತೆ ಮೈಗೆ ಹಚ್ಚಲಿಲ್ಲ.

ಸತ್ತ ಮನೆಯಲ್ಲಿ ಜನ ಮೊದಲು ಹುಡುಕುವುದು ಕಾರಣವನ್ನು. ಹುಡುಗ ಯಾಕೆ ತಡವಾದ ಎಂದು ಯಾರೋ ಕೇಳಿದರು. ಹಂಪಕ್ಕ ಗೋಡೆಗೆ ಒರಗಿ ಕೂತವಳು, "ಎಲ್ಡ ಕೂಗು ಕೇಳ್ಸಿದ್ದು. ಮೂರನೇದು ಬರ್ಲಿಲ್ಲ," ಎಂದಳು.

ಅಂಗಳದಲ್ಲಿ ನಿಂತಿದ್ದ ಚೌಡಕ್ಕನ ಕಡೆ ಎಲ್ಲರೂ ತಿರುಗಿದರು. ಕೂಗಿದೆ ಎಂದು ಅವಳು ಹೇಳಿಬಿಡಬಹುದಿತ್ತು. ನನಗೆ ಗೊತ್ತಿದ್ದ ಯಾರೇ ಆಗಿದ್ದರೂ ಹಾಗೇ ಹೇಳುತ್ತಿದ್ದರು. ಅವಳು ಬೆರಳು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. "ನೆಪ್ಪಿಲ್ರಿ," ಎಂದಳು. ದಿನಾ ಮಾಡುವ ಕೆಲಸದಲ್ಲಿ ಒಂದು ದಿನದ್ದನ್ನು ಮಾತ್ರ ಹೆಕ್ಕಿ ತೆಗೆಯುವುದು ಯಾರಿಂದ ಆಗುತ್ತದೆ? ನಿನ್ನೆ ಬಾಗಿಲಿಗೆ ಅಗುಳಿ ಹಾಕಿದೆಯಾ ಎಂದರೆ ನಾನೂ ತಡವರಿಸುತ್ತೇನೆ. ನಾನು ಸಾಕ್ಷಿ ಹೇಳೋಣವೆಂದರೆ, ನನ್ನ ಹೆಸರು ಬರುವ ತನಕ ನನಗೆ ಕಿವಿಯೇ ಇರುತ್ತಿರಲಿಲ್ಲ. ಊರು ಅಲ್ಲೇ ತೀರ್ಮಾನ ಮಾಡಿಬಿಟ್ಟಿತು.

ಅಂದಿನಿಂದ ಚೌಡಕ್ಕ ಹಂಪಕ್ಕನ ಬಾಗಿಲ ಹತ್ತಿರ ಬಂದಾಗ ಓಣಿಯ ಆ ಬದಿಗೆ ಸರಿದು ಗೋಡೆ ಸವರಿಕೊಂಡು ದಾಟುತ್ತಿದ್ದಳು. ಮಿಕ್ಕ ಬಾಗಿಲುಗಳಲ್ಲಿ ಮೂರು ಸಲ ಕೂಗಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ವಾಪಸು ಬಂದು ನಾಲ್ಕನೆಯ ಸಲ ಕೂಗುತ್ತಿದ್ದಳು. ಈ ನಾಲ್ಕನೆಯದು ಓಣಿಯವರ ಎದೆ ನಡುಗಿಸಿತು. ಎರಡರ ತನಕ ದೆವ್ವದ್ದು, ಮೂರು ಮನುಷ್ಯರದ್ದು, ಸರಿ. ಆದರೆ ನಾಲ್ಕನೆಯದು ಯಾರದು? ಅದಕ್ಕೆ ಹಿರಿಯರು ಏನೂ ಹೇಳಿಟ್ಟಿರಲಿಲ್ಲ. ಸಿದ್ದಬಸಪ್ಪನೇ ಅವಳ ಹಿಂದೆ ಬಂದು ಅವಳ ದನಿಯಲ್ಲಿ ಕೂಗುತ್ತಾನೆ ಎಂದು ಮಾತಾಯಿತು. ನಾನು ಇಂಗ್ಲಿಷ್ ಬಲ್ಲ ಗುಮಾಸ್ತ. ಆದರೂ ನಾಲ್ಕನೆಯ 'ಬೊಮ್ಮಣ್ಣಾ' ಕೇಳಿದಾಗ ಹೊದಿಕೆ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆ.

ಒಂದು ದಿನ ಭಟ್ಟಿಯ ಹತ್ತಿರ ಕೇಳಿದೆ. "ನಾನು ಓ ಅಂದ ಮ್ಯಾಲೂ ಯಾಕ ಕೂಗ್ತಿ ಚೌಡಕ್ಕ?"

"ನೀ ಓ ಅಂದಿದ್ದು ಕೇಳ್ಸತೈತಪ್ಪ," ಎಂದಳು, ಮರಳಲ್ಲಿ ಅಕ್ಕಿ ತಿರುವುತ್ತ. "ನಾ ಕೂಗಿದ್ದು ನನಗ ಕೇಳ್ಸವಲ್ದು."

ಜನ ಒಬ್ಬೊಬ್ಬರಾಗಿ ಅವಳನ್ನು ಬಿಟ್ಟರು. ಅನುಕೂಲಸ್ಥರು ಅಲಾರಂ ಗಡಿಯಾರ ತಂದರು. ಇಲ್ಲದವರು ಬಾಗಿಲ ಮೇಲೆ ಇದ್ದಿಲಿನಲ್ಲಿ 'ನಾಳೆ ಬಾ' ಎಂದು ಬರೆದರು. ಓದಿದ ದೆವ್ವ ನಾಳೆ ಬಂದರಾಯಿತೆಂದು ಹಿಂದಿರುಗುತ್ತದಂತೆ. ಚೌಡಕ್ಕನಿಗೆ ಓದು ಬಾರದು. ಅದೇನು ಬರೆದಿದ್ದಾರೆಂದು ನನ್ನನ್ನು ಕೇಳಿದಳು. ಇದ್ದದ್ದನ್ನು ಓದಿ ಹೇಳಿದೆ.

"ಹಂಗಾರ ಬೇಡಾಗಿಲ್ಲ ನಾನು," ಎಂದು ಅವಳ ಮುಖ ಅರಳಿತು. ಮರುದಿನ ಆ ಬಾಗಿಲುಗಳಿಗೇ ಮೊದಲು ಹೋದಳು. ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು. ತಿದ್ದಿ ಹೇಳಲು ಬಾಯಿ ಬರಲಿಲ್ಲ.

ಹೀಗೇ ಎರಡು ಮಾಘ ಕಳೆದವು. ಹಂಪಕ್ಕ ಹಾಸಿಗೆ ಹಿಡಿದಳು. ಒಂದು ಭಾನುವಾರ ಹಗಲು ನನ್ನನ್ನು ಕರೆದು, "ಚೌಡಕ್ಕನ್ನ ಕರ್ಕೊಂಡು ಬಾ ಬೊಮ್ಮಣ್ಣ, ಒಂದು ಮಾತೈತಿ," ಎಂದಳು. ಚೌಡಕ್ಕ ಒಬ್ಬಳೇ ಆ ಹೊಸ್ತಿಲು ತುಳಿಯಲು ಒಪ್ಪದ್ದರಿಂದ ನಾನೂ ಒಳಗೆ ಹೋಗಿ ಬಾಗಿಲ ಪಕ್ಕ ಕೂತೆ.

ಹಂಪಕ್ಕ ಸೂರು ನೋಡುತ್ತ ಹೇಳಿದಳು. "ಮೂರೂ ಕೂಗಿದ್ದಿ ನೀನು. ನಾ ಎಚ್ಚರಿದ್ದೆ. ಮೂರನೇದು ಚಂದಾಗಿ ಕೇಳಿಸ್ತು."

ಚೌಡಕ್ಕ ಮತ್ತೆ ಬೆರಳು ಮಡಿಚಿದಳು, ಬಿಚ್ಚಿದಳು.

"ರಾತ್ರೆಲ್ಲ ಓದಿದ್ದ. ಬಾಯಿ ತಕ್ಕೊಂಡು ಮಲಗಿದ್ದ, ಸಣ್ಣಾವಿದ್ದಾಗ ಮಲಗ್ತಿದ್ನಲ್ಲ, ಹಂಗ. ಇನ್ನೊಂದೀಟು ಮಲಗ್ಲಿ ಅಂತ ನಾನಾ ಎಬ್ಬಿಸ್ಲಿಲ್ಲ. ಆಮ್ಯಾಲ ಜನ ಕೇಳಿದಾಗ, ನಾನಾ ಮಲಗಿಸಿ ಕೊಂದೆ ಅಂತ ಹೆಂಗ ಹೇಳ್ಲಿ? ಎಲ್ಡ ಅಂದುಬಿಟ್ಟೆ. ದಿನಾ ನೀ ಆ ಬದೀಗೆ ಸರದು ಹೋಗೋದು ಕಿಂಡ್ಯಾಗ ನೋಡ್ತಿದ್ದೆ."

ನನ್ನ ಮೈಯೆಲ್ಲ ಉರಿಯಿತು. ಸಾಯುವ ಹೆಂಗಸೆಂದು ತಡೆದುಕೊಂಡೆ. ಚೌಡಕ್ಕ ಈಗ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ, ಹೇಗೂ ಎರಡು ವರ್ಷದ ಭಾರ ಇಳಿಯುತ್ತದೆ ಎಂದು ಕಾದೆ.

ಅವಳು ಹಂಪಕ್ಕನ ಹೊದಿಕೆ ಸರಿಮಾಡಿದಳು. "ನನ್ನ ಸಮಾಧಾನಕ್ಕ ಹೇಳ್ತಿ ಯಕ್ಕ," ಎಂದಳು. "ಎಲ್ಡ ಕೂಗೀನಿ. ಈಗ ನನಗ ಸುದ್ದ ನೆಪ್ಪೈತಿ. ಎಲ್ಡ ಕೂಗಿ ಬೊಮ್ಮಣ್ಣನ ಬಾಗ್ಲಿಗೆ ಹೋದೆ."

"ಇಲ್ಲವಾ, ನನ್ನ ಮಗನ ಆಣೆ."

"ಬಿಡು ಯಕ್ಕ."

ಹಂಪಕ್ಕ ಅವಳ ಕೈ ಹಿಡಿದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಎರಡು ವರ್ಷ ಇಡೀ ಊರು ಹೇಳಿದ್ದೇ ಅವಳಿಗೆ ನೆನಪಾಗಿ ಕೂತಿತ್ತು, ನಿಜಕ್ಕೆ ಅಲ್ಲಿ ಜಾಗವೇ ಉಳಿದಿರಲಿಲ್ಲ. ಹೊರಗೆ ಬಂದ ಮೇಲೆ ನಾನೂ ಹೇಳಿ ನೋಡಿದೆ. "ಭಟ್ಟಿ ಆರತೈತಿ," ಎಂದು ಹೊರಟುಹೋದಳು.

ಮರುದಿನ ನಸುಕಿನಲ್ಲಿ ಯಾಕೋ ನನಗೆ ಮೊದಲೇ ಎಚ್ಚರವಾಗಿತ್ತು. ಓಣಿಯಲ್ಲಿ ಅವಳ ಕಾಲ ಸಪ್ಪಳ ಬಂತು. ಈ ಸಲ ಆ ಬದಿಗೆ ಸರಿಯಲಿಲ್ಲ. ಹಂಪಕ್ಕನ ಬಾಗಿಲ ಮುಂದೆ ನಿಂತಿತು.

"ಸಿದ್ದಬಸಪ್ಪಾ… ಗಾಡಿ."

ಒಂದೇ ಕೂಗು. ಮತ್ತೆ ಕೂಗಲಿಲ್ಲ, ಕದಲಲೂ ಇಲ್ಲ, ಅಲ್ಲೇ ಕಾದಳು. ಕತ್ತಲಲ್ಲಿ ಸತ್ತವನ ಹೆಸರು, ಅದೂ ಒಂಟಿ ಕೂಗು. ಎದುರು ಮನೆಯಲ್ಲಿ ಅಳುತ್ತಿದ್ದ ಕೂಸಿನ ಬಾಯಿ ಯಾರೋ ಮುಚ್ಚಿದರು. ಅದು ಮೊದಲನೆಯದಲ್ಲ, ಅವಳ ಲೆಕ್ಕದಲ್ಲಿ ಉಳಿದುಹೋಗಿದ್ದ ಮೂರನೆಯದು ಎಂದು ಆ ಮನೆ ಬಿಟ್ಟರೆ ಇಡೀ ಓಣಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಹೊದಿಕೆ ಎಳೆದುಕೊಂಡೆ.

ಗೋಡೆಯಾಚೆ ಹಾಸಿಗೆ ಸರಿದ ಸದ್ದಾಯಿತು.

"ಓ," ಎಂದಳು ಹಂಪಕ್ಕ. ಎದ್ದು ಕೂತು ಹೇಳಿದ ದನಿ ಅದು. "ಕೇಳಿಸ್ತವಾ. ಎಬ್ಬಿಸ್ತೀನಿ, ಹೋಗು."

ಚೌಡಕ್ಕನ ಹೆಜ್ಜೆ ನನ್ನ ಬಾಗಿಲಿಗೆ ಬಂತು. ಮೂರು ಸಲ ನನ್ನ ಹೆಸರು ಕೂಗಿದಳು. ಓ ಎಂದೆ. ಆಮೇಲೆ ಹೊದಿಕೆ ಹಿಡಿದು ನಾಲ್ಕನೆಯದಕ್ಕೆ ಕಾದೆ. ಅದು ಬರಲಿಲ್ಲ.