ಬದುಕಿರುವವಳ ಫೋಟೊಗೆ ಹೂವು

ಗಂಟೆಯಕ್ಕನಿಗೆ ಶಾಲೆಯಿಂದ ಬರಬೇಕಾದ ಮೂರು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಕರುಣೆಯ ಮಾತೆಲ್ಲ ಆಮೇಲೆ.

ಗಂಟೆ ಹೊಡೆಯುವುದು, ಕಾರಿಡಾರ್ ಗುಡಿಸುವುದು, ಚಡ್ಡಿ ಒದ್ದೆ ಮಾಡಿಕೊಂಡ ಪುಟಾಣಿಯನ್ನು ಯಾರಿಗೂ ಕಾಣದಂತೆ ಕರೆದೊಯ್ದು ಬೇರೆ ಚಡ್ಡಿ ಹಾಕುವುದು ಆಕೆಯ ಕೆಲಸ. ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆ, ನೋವಿಲ್ಲ ಎಂಬುದೊಂದು ನೆಪ. ಬಕೆಟ್ ಎತ್ತಲು ಕೈ ಬಾರದಾದ ಮೇಲೆ ಆಸ್ಪತ್ರೆಗೆ ಹೋದಳು. ಕ್ಯಾನ್ಸರ್. ಆಪರೇಷನ್ ಆಯಿತು, ಔಷಧಿ ಏರಿಸುವುದು ಶುರುವಾಯಿತು. ಮೂರು ತಿಂಗಳು ರಜೆ ಹಾಕಿದ್ದಕ್ಕೆ ಸಂಬಳ ನಿಂತಿತು. ಚಿಕಿತ್ಸೆ ಅರ್ಧಕ್ಕೇ ಬಿಟ್ಟು, ಕೂದಲುದುರಿದ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಬಂದುಬಿಟ್ಟಳು.

"ಡಾಕ್ಟ್ರು ಬೇಡ ಅಂದಿಲ್ವಾ?" ಹೆಡ್ ಟೀಚರ್ ಕೇಳಿದರು.

"ಅವ್ರು ಬೇಡ ಅಂತಾರೆ. ಮನೆ ಓನರ್ ಬಾಡಿಗೆ ಅಂತಾನೆ."

ಆಕೆ ಮತ್ತೆ ಆಸ್ಪತ್ರೆಗೆ ಹೋಗಲೇಬೇಕೆಂದು ಮಕ್ಕಳು ಗೇಟಿನ ಬಳಿ ಮೇಜು ಹಾಕಿ ಡಬ್ಬಿ ಇಟ್ಟರು. ಕಾಯಿಲೆಯ ಗುರುತುಗಳನ್ನು ಬರೆದ ಚೀಟಿಗಳನ್ನೂ ಜೋಡಿಸಿದರು. ಡ್ರಾಯಿಂಗ್ ಮೇಷ್ಟ್ರು ಆಕೆಯ ಫೋಟೊ ದೊಡ್ಡದು ಮಾಡಿಸಿ ನಿಲ್ಲಿಸಿದರು. ಚಿಕ್ಕವರು ಪ್ರೀತಿ ಉಕ್ಕಿ ಅದರ ಸುತ್ತ ಕಾಗದದ ಹೂ ಅಂಟಿಸಿದರು. ದಿನಾ ಆಕೆಯ ಹತ್ತಿರ ಬೈಸಿಕೊಳ್ಳುವವರಿಗೆ ತಪ್ಪು ಹೇಗೆ ಹೊಳೆದೀತು? ದಾರಿಹೋಕರು ಸತ್ತವಳ ಫೋಟೊ ಅಂದುಕೊಂಡರು. ತಲೆ ಬಗ್ಗಿಸಿ, ಚಿಲ್ಲರೆ ಹಾಕಿ, ಚೀಟಿ ಮುಟ್ಟದೆ ನಡೆದರು.

ಎದುರಂಗಡಿಯ ಟೈಲರಮ್ಮ ಅಳುತ್ತಲೇ ಬಂದಳು. "ಅಯ್ಯೋ, ಮೊನ್ನೆ ತಾನೇ ಗುಂಡಿ ಹಾಕಿಸ್ಕೊಂಡ್ಲಲ್ಲ! ಯಾವಾಗ ಹೋದ್ಲು?"

"ಈಗಷ್ಟೇ. ನೀರು ಕುಡಿಯಕ್ಕೆ," ಎಂದಳು ಮೂರನೇ ಕ್ಲಾಸಿನ ಹುಡುಗಿ.

ಹಿಂದೆಯೇ ಗಂಟೆಯಕ್ಕ ಬಾಯಿ ಒರೆಸಿಕೊಳ್ಳುತ್ತ ಬಂದಳು. ಟೈಲರಮ್ಮ ಒಮ್ಮೆ ಫೋಟೊ, ಒಮ್ಮೆ ಅವಳನ್ನು ನೋಡಿದಳು.

"ಅಳೋದು ಆಮೇಲೆ ಅಳುವಂತೆ ಕಣೇ. ನಂಗೆ ಗಂಟಿತ್ತು, ನೋವಿರ್ಲಿಲ್ಲ, ಸುಮ್ನಿದ್ದು ಕೆಟ್ಟೆ. ನೀನು ಮುಟ್ಟಿ ನೋಡ್ಕೊಂಡಿದೀಯಾ?"

"ಥೂ, ಬೀದೀಲಿ ಕೇಳೋ ಮಾತಾ ಇದು?"

"ಬೀದೀಲೇ ನನ್ನ ಸಾಯ್ಸಿ ಆಯ್ತು. ಇನ್ನೆಂಥ ನಾಚ್ಕೆ?"

ಟೈಲರಮ್ಮ ಮೂಗು ಒರೆಸಿಕೊಂಡು, ಅಂಗಡಿಗೆ ಬರುವ ಹೆಂಗಸರಿಗೆಲ್ಲ ಹಂಚಲು ಚೀಟಿಗಳ ಒಂದು ಕಂತೆಯನ್ನೇ ಒಯ್ದಳು. ಮೇಷ್ಟ್ರು ಪೆಚ್ಚಾಗಿ ಹೂ ಕೀಳಲು ಹೋದರು.

"ಇರ್ಲಿ ಬಿಡಿ ಸಾರ್. ಬದುಕಿದ್ದಾಗ್ಲೇ ನೋಡೋ ಯೋಗ ಯಾರಿಗಿದೆ?" ಎಂದು ಒಂದನ್ನು ತಲೆಯ ಬಟ್ಟೆಗೆ ಸಿಕ್ಕಿಸಿಕೊಂಡಳು.

ಸಂಜೆ ಶಾಲೆಯ ಕಾರ್ಯದರ್ಶಿ, ಫೋಟೊ ತೆಗೆಯುವವನೊಂದಿಗೆ ಕಾರಿನಿಂದ ಇಳಿದರು. ಡಬ್ಬಿಗೆ ದೊಡ್ಡ ನೋಟು ಹಾಕಲು ಕೈ ಚಾಚಿದರು. ಗಂಟೆಯಕ್ಕ ಡಬ್ಬಿಯ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ನಿಮ್ಮ ದಾನ ಬೇಡ ಸಾರ್. ನನ್ನ ಸಂಬಳ ಕೊಡಿ."

"ಆಯಾಗಳಿಗೆ ರಜೆ ಸಂಬಳದ ನಿಯಮ ಇಲ್ಲಮ್ಮ."

"ಲೆಕ್ಕದ ಮೇಷ್ಟ್ರ ಕಾಲು ಮುರಿದಾಗ ಇತ್ತಲ್ಲ?"

ನೋಟು ಜೇಬಿಗೆ ವಾಪಸಾಯಿತು.

ಮಕ್ಕಳ ಡಬ್ಬಿಯಿಂದ ಚಿಕಿತ್ಸೆ ಮತ್ತೆ ಶುರುವಾಗಿದೆ. ಮುಗಿಸುವಷ್ಟು ಅದರಲ್ಲಿಲ್ಲ; ಮುಗಿಸಲು ಆ ಸಂಬಳವೇ ಬರಬೇಕು. ಅಲ್ಲಿಯವರೆಗೆ ಗಂಟೆಯನ್ನು ಮೂರನೇ ಕ್ಲಾಸಿನ ಹುಡುಗಿ ಎರಡೂ ಕೈಯಿಂದ ಹೊಡೆಯುತ್ತಾಳೆ. ಹಿಂದಿನ ಕೊಠಡಿಗಳಿಗೆ ಕೇಳಿಸುವುದಿಲ್ಲ.

ನಿಮ್ಮ ಮಕ್ಕಳ ಶಾಲೆಯಲ್ಲೂ ಒಬ್ಬಳು ಗಂಟೆಯಕ್ಕ ಇದ್ದಾಳೆ. ಕಾಯಿಲೆ ಬಿದ್ದರೆ ಅವಳಿಗೆ ಸಂಬಳ ಇದೆಯೋ ಇಲ್ಲವೋ? ನಾಳೆ ಮಗುವನ್ನು ಬಿಡಲು ಹೋದಾಗ ಆಫೀಸಿಗೆ ನುಗ್ಗಿ ಕೇಳಿ. ಉತ್ತರ ಸಿಗುವವರೆಗೆ ಹೊರಗೆ ಬರಬೇಡಿ.